ಮುನ್ನುಡಿ ಸಿಕ್ಕಿದೆ, ಪ್ರಕಾಶಕರು ಸಿಕ್ಕಿಲ್ಲ: 412 ಪುಟದ ಕಾದಂಬರಿಯನ್ನು ಏನು ಮಾಡಲಿ?

ಶಾಲ್ಮಲಾ ತೀರ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿ ಮೂರು ವರ್ಷವಾಯಿತು, ವಯಸ್ಸು 63. ಈ ಮೂರು ವರ್ಷದಲ್ಲಿ ಒಂದು ಕಾದಂಬರಿ ಬರೆದಿದ್ದೇನೆ. ಒಂದು ಅಡಿಕೆ ತೋಟ, ಅದನ್ನು ಪಾಲು ಮಾಡಿಕೊಳ್ಳಲಾಗದೆ ನಲವತ್ತು ವರ್ಷ ಒಂದೇ ಬಾವಿಯ ನೀರು ಸೇದುತ್ತ ಮಾತು ಬಿಟ್ಟ ಅಣ್ಣತಮ್ಮಂದಿರು. ಏಳು ನೋಟ್‌ಬುಕ್‌ಗಳಲ್ಲಿ ಬರೆದದ್ದನ್ನು ನನ್ನ ಅಣ್ಣನ ಮಗ ಕಂಪ್ಯೂಟರಿನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಕೊಟ್ಟ. ಪುಸ್ತಕದ ಆಕಾರಕ್ಕೆ ಹೊಂದಿಸಿದರೆ 412 ಪುಟ.

ಮೂವರು ಪ್ರಕಾಶಕರಿಗೆ ಕಳುಹಿಸಿದೆ. ಮೊದಲನೆಯವರಿಂದ ಹನ್ನೊಂದು ತಿಂಗಳಾದರೂ ಸುದ್ದಿಯಿಲ್ಲ. ಎರಡನೆಯವರು "ಸದ್ಯಕ್ಕೆ ನಮ್ಮ ಪಟ್ಟಿ ತುಂಬಿದೆ" ಎಂದು ಎರಡು ಸಾಲು ಬರೆದರು. ಮೂರನೆಯವರು ಮಾತ್ರ ಎರಡೇ ದಿನಕ್ಕೆ ಫೋನ್ ಮಾಡಿ "ಅದ್ಭುತ ಕೃತಿ ಮೇಡಂ" ಎಂದರು. 90,000 ರೂಪಾಯಿ ಕೊಟ್ಟರೆ 500 ಪ್ರತಿ ಅಚ್ಚು ಹಾಕಿಸಿ 200 ಪ್ರತಿ ನನಗೆ ಕೊಡುತ್ತಾರಂತೆ. ಎರಡು ದಿನದಲ್ಲಿ 412 ಪುಟ ಓದಿದಿರಾ ಎಂದು ಕೇಳಲು ನಾಲಿಗೆ ಏಳಲಿಲ್ಲ.

ಹಿರಿಯ ಸಾಹಿತಿಯೊಬ್ಬರು ಮುನ್ನುಡಿ ಬರೆದುಕೊಟ್ಟಿದ್ದಾರೆ, ತುಂಬಾ ಮೆಚ್ಚಿದ್ದಾರೆ. ಹಾಗಿದ್ದೂ ಯಾರೂ ಏಕೆ ಮುಂದೆ ಬರುತ್ತಿಲ್ಲ? ಹಣ ಕೊಟ್ಟುಬಿಡಲೇ? ತಿಳಿದವರು ಹೇಳಿ.

ಹರಿದ ಹಾಳೆ · ಸೋಮವಾರ, ರಾತ್ರಿ 9:52

ಕೊಡಬೇಡಿ. ನಾನು ಕೊಟ್ಟಿದ್ದೆ. 180 ಪ್ರತಿಗಳು ಇಂದಿಗೂ ನಮ್ಮ ಮನೆಯ ಮಂಚದ ಕೆಳಗಿವೆ. ಮದುವೆ, ಗೃಹಪ್ರವೇಶ, ಯಾವುದಕ್ಕೆ ಹೋದರೂ ಅದೇ ಉಡುಗೊರೆ. ನೆಂಟರು ನಮ್ಮನ್ನು ಕರೆಯುವುದನ್ನೇ ಕಡಿಮೆ ಮಾಡಿದ್ದಾರೆ.

ಪುಟ್ಟ ಪ್ರಕಾಶಕ · ಸೋಮವಾರ, ರಾತ್ರಿ 10:30

ಮೇಡಂ, ನಾನು ವರ್ಷಕ್ಕೆ ಎಂಟು ಹತ್ತು ಪುಸ್ತಕ ತರುವವನು. ನಮ್ಮ ಕಡೆಯ ಲೆಕ್ಕವನ್ನೂ ಕೇಳಿ. ಆಮೇಲೆ ಬೇಕಾದರೆ ಬಯ್ಯಿರಿ.

ಡೆಮಿ 1/8 ಆಕಾರದಲ್ಲಿ (ಕಾದಂಬರಿಗಳ ಮಾಮೂಲಿ ಅಳತೆ) ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚುವ ಹಾಳೆ, ಎಂದರೆ 16 ಪುಟ. ನಿಮ್ಮ 412 ಪುಟಕ್ಕೆ 26 ಫಾರಂ ಬೇಕು. 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್‌ಲಿಥೋ ಕಾಗದ, 300 ಜಿಎಸ್‌ಎಂ ಮುಖಪುಟ, ಬೈಂಡಿಂಗ್ ಎಲ್ಲ ಸೇರಿ 500 ಪ್ರತಿ ಹಾಕಿಸಿದರೆ ನನಗೆ ಪ್ರತಿಯೊಂದಕ್ಕೆ ಹೆಚ್ಚುಕಡಿಮೆ 140 ರೂಪಾಯಿ ಬೀಳುತ್ತದೆ. ಬೆಲೆ 400 ಇಟ್ಟೆ ಎನ್ನಿ. ಅಂಗಡಿಯವರ ರಿಯಾಯಿತಿ ಶೇ 40, ಅಂದರೆ 160 ಹೋಯಿತು. ನಿಮ್ಮ ಗೌರವಧನ ಶೇ 10, ಅಂದರೆ 40. ಅಚ್ಚಿನ ಖರ್ಚು 140. ಉಳಿದ 60ರಲ್ಲಿ ಪುಟ ವಿನ್ಯಾಸದವರು, ಕರಡು ತಿದ್ದುವವರು, ಮುಖಪುಟ ಬರೆದ ಕಲಾವಿದರು, ಅಂಚೆ, ಗೋದಾಮಿನ ಬಾಡಿಗೆ, ಗೆದ್ದಲು. ಇಷ್ಟೂ 500 ಪ್ರತಿ ಖರ್ಚಾದರೆ ಮಾತ್ರ ಸಿಗುವ 60. ಹೊಸಬರ ದಪ್ಪ ಕಾದಂಬರಿಗೆ ಅದು ಮೂರು ವರ್ಷದ ಮಾತು. ನಿಮ್ಮ ಮೊದಲ ಪ್ರಕಾಶಕರು ಉತ್ತರ ಕೊಡದಿದ್ದುದು ಅಸಭ್ಯತೆಯೇ, ಒಪ್ಪುತ್ತೇನೆ. ಆದರೆ ಅವರು ಹೆದರಿದ್ದು ನಿಮ್ಮ ಕಥೆಗಲ್ಲ, ಆ 26 ಫಾರಂಗೆ ಇರಬಹುದು.

ಇನ್ನು ಮೂರನೆಯವರ ವಿಷಯ. 90,000ದಲ್ಲಿ ಅಚ್ಚು, ವಿನ್ಯಾಸ, ಮುಖಪುಟ ಎಲ್ಲ ಮುಗಿಯುತ್ತದೆ. ಅವರ ಕೈಯಿಂದ ಒಂದು ರೂಪಾಯಿಯೂ ಬೀಳುವುದಿಲ್ಲ. 500ರಲ್ಲಿ 200 ನಿಮಗೆ, ಅವರ ಬಳಿ ಉಳಿಯುವುದು 300. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದ ಪುಸ್ತಕವನ್ನು ಸಾಮಾನ್ಯವಾಗಿ 300 ಪ್ರತಿಯ ಲೆಕ್ಕದಲ್ಲಿ ಕೊಳ್ಳುತ್ತಾರೆ. ಈಗ ಆ 300 ಎಲ್ಲಿಂದ ಬಂತೆಂದು ಹೊಳೆಯಿತೇ? ಅಲ್ಲಿ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಆದ್ದರಿಂದ ಅಂಥವರು ನಿಮ್ಮ 412 ಪುಟವನ್ನು 300ಕ್ಕೆ ಇಳಿಸಿ ಎಂದು ಯಾವತ್ತೂ ಹೇಳುವುದಿಲ್ಲ. ಹಾಗೆ ಹೇಳಿದರೆ ನಷ್ಟ ಅವರದೇ.

ಕರಡುಕೋಲು · ಮಂಗಳವಾರ, ಬೆಳಿಗ್ಗೆ 6:15

ಮೇಡಂ, ನಾನು ಪತ್ರಿಕೆಯೊಂದರ ಸಾಪ್ತಾಹಿಕ ಪುರವಣಿಯಲ್ಲಿ ಇಪ್ಪತ್ತೆರಡು ವರ್ಷ ಇದ್ದವನು. ಈಗ ಮನೆಯಲ್ಲಿ ಕುಳಿತು ಇತರರ ಹಸ್ತಪ್ರತಿ ತಿದ್ದುತ್ತೇನೆ. ಒಂದೇ ಪ್ರಶ್ನೆ: ನಿಮ್ಮ ಮುನ್ನುಡಿಯಲ್ಲಿ ಯಾವ ಯಾವ ಪಾತ್ರಗಳ ಹೆಸರು ಬಂದಿದೆ? ಅವು ಕಾದಂಬರಿಯಲ್ಲಿ ಎಷ್ಟನೆಯ ಅಧ್ಯಾಯದವರೆಗೆ ಬರುವ ಪಾತ್ರಗಳು?

ಶಾಲ್ಮಲಾ ತೀರ · ಮಂಗಳವಾರ, ಬೆಳಿಗ್ಗೆ 8:02

ಈಗ ತೆಗೆದು ನೋಡಿದೆ. ಗಣಪಯ್ಯ, ಸುಬ್ರಾಯ, ಅವರ ಆಯಿ (ತಾಯಿ). ಮೂರನೆಯ ಅಧ್ಯಾಯದ ನಂತರ ಬರುವ ಯಾರ ಹೆಸರೂ ಇಲ್ಲ. ಇಡೀ ಕಾದಂಬರಿ ನಿಂತಿರುವುದು ಸುಬ್ರಾಯನ ಹೆಂಡತಿ ಭವಾನಿಯ ಮೇಲೆ. ಅವಳು ಬರುವುದು ಐದರಲ್ಲಿ.

ಇಷ್ಟು ದಿನ ಮುನ್ನುಡಿಯನ್ನು ಹತ್ತು ಸಲವಾದರೂ ಓದಿದ್ದೆ. ಇದು ಕಣ್ಣಿಗೆ ಬಿದ್ದಿರಲಿಲ್ಲ.

ಕರಡುಕೋಲು · ಮಂಗಳವಾರ, ಬೆಳಿಗ್ಗೆ 8:40

ಹಿರಿಯರನ್ನು ದೂರಬೇಡಿ. ತಿಂಗಳಿಗೆ ಹತ್ತು ಜನ ಹಸ್ತಪ್ರತಿ ಹೊತ್ತು ಮನೆ ಬಾಗಿಲಿಗೆ ಬಂದರೆ ಯಾರು ತಾನೇ ಪೂರ್ತಿ ಓದಿಯಾರು? ಇಲ್ಲ ಎನ್ನಲು ಸಂಕೋಚ, ಆಶೀರ್ವಾದದ ಹಾಗೆ ಎರಡು ಪುಟ ಬರೆದುಕೊಡುತ್ತಾರೆ. ನಮ್ಮಲ್ಲಿ ಪುಸ್ತಕಕ್ಕೆ ಮುನ್ನುಡಿ, ಬೆನ್ನುಡಿ, ಹಾರೈಕೆ, ಶುಭನುಡಿ ಎಲ್ಲ ಇರುತ್ತದೆ. ಅಚ್ಚಿಗೆ ಹೋಗುವ ಮೊದಲು ಪೆನ್ಸಿಲು ಹಿಡಿದು ಕೊನೆಯ ಪುಟದವರೆಗೆ ಓದಿದ ಒಬ್ಬ ಮನುಷ್ಯ ಮಾತ್ರ ಇರುವುದಿಲ್ಲ. ನಿಮಗೆ ಈಗ ಬೇಕಾದದ್ದು ಅವನು. ಪ್ರಕಾಶಕರ ಚಿಂತೆ ಆಮೇಲೆ.

ಇನ್ನೊಂದು ಮಾತು. ಕರಡು ತಿದ್ದುವುದು ಬೇರೆ, ಹಸ್ತಪ್ರತಿ ತಿದ್ದುವುದು ಬೇರೆ. ಕರಡು ನೋಡುವವರು "ಹಾಗು" ಎಂದಿದ್ದನ್ನು "ಹಾಗೂ" ಮಾಡುತ್ತಾರೆ, ಬಿಟ್ಟುಹೋದ ಒತ್ತು ಹಾಕುತ್ತಾರೆ. ಹಸ್ತಪ್ರತಿ ತಿದ್ದುವವರು ಭವಾನಿ ಐದನೆಯ ಅಧ್ಯಾಯದವರೆಗೆ ಏಕೆ ಕಾಯಬೇಕು ಎಂದು ಕೇಳುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಮೊದಲನೆಯದನ್ನು ಮಾಡಿಸಿ ಎರಡನೆಯದೂ ಆಯಿತೆಂದು ತಿಳಿಯುತ್ತಾರೆ.

ಅಭ್ಯಂತರವಿಲ್ಲದಿದ್ದರೆ ಮೊದಲ ಪ್ಯಾರಾ ಇಲ್ಲಿ ಹಾಕಿ.

ಧಾರವಾಡದ ಅಟ್ಟ · ಮಂಗಳವಾರ, ಬೆಳಿಗ್ಗೆ 11:20

ಕರಡುಕೋಲು ಅವರು ಹೇಳಿದ ಆ ಪೆನ್ಸಿಲಿನ ಮನುಷ್ಯ ನಮ್ಮಲ್ಲಿ ಇರಲೇ ಇಲ್ಲ ಎಂದೇನೂ ಅಲ್ಲ. ನಮ್ಮ ಊರಿನ ಮನೋಹರ ಗ್ರಂಥಮಾಲೆ ಪ್ರಕಾಶನವನ್ನೇ ನೋಡಿ. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ್ದು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಅದರ ಸಾಹಿತ್ಯ ಸಲಹೆಗಾರರಾಗಿದ್ದರು. ಸಲಹೆಗಾರ ಎಂದರೆ ಹೆಸರಿಗಲ್ಲ, ಹಸ್ತಪ್ರತಿ ಓದಿ ಅದು ಬೇಕೋ ಬೇಡವೋ ಎಂದು ಹೇಳುವವರು. 1961ರಲ್ಲಿ ಗಿರೀಶ ಕಾರ್ನಾಡರ ಮೊದಲ ನಾಟಕ ಹೊರಬಂದದ್ದು ಅಲ್ಲಿಂದಲೇ. ಆಗ ಅವರಿಗೆ ಇಪ್ಪತ್ತಮೂರು, ಇದ್ದದ್ದು ಆಕ್ಸ್‌ಫರ್ಡಿನಲ್ಲಿ. ಹೆಸರಿಲ್ಲದ ಹುಡುಗನ ಹಸ್ತಪ್ರತಿಯನ್ನು ಯಾರೋ ಕುಳಿತು ಓದಿದರು. ಅಷ್ಟೇ ವಿಷಯ.

ಗ್ರಂಥಮಾಲೆಗೆ ಚಂದಾದಾರರು ಇದ್ದರು. ಪುಸ್ತಕ ಬರುವ ಮೊದಲೇ ಓದುಗ ಇದ್ದ. ಈಗ ಓದುಗನ ಜಾಗದಲ್ಲಿ ಸಗಟು ಖರೀದಿ ಕುಳಿತಿದೆ. ಪುಟ್ಟ ಪ್ರಕಾಶಕರು ಹೇಳಿದ್ದನ್ನು ಇನ್ನೊಮ್ಮೆ ಓದಿ: ಪುಟ ಹೆಚ್ಚಿದಷ್ಟೂ ಹಣ. ಹಾಗಿರುವಾಗ ಪುಟ ಕಡಿಮೆ ಮಾಡುವವನಿಗೆ ಯಾರು ಸಂಬಳ ಕೊಟ್ಟಾರು?

ಹರಿದ ಹಾಳೆ · ಮಂಗಳವಾರ, ಬೆಳಿಗ್ಗೆ 11:31

ನಿಮ್ಮ ಕಡೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರಂತೆ. ನಾನು ಮಂಚದ ಕೆಳಗಿನಿಂದ ತೆಗೆಯುವಷ್ಟರಲ್ಲೇ ಸುಸ್ತಾಗುತ್ತೇನೆ.

ಶಾಲ್ಮಲಾ ತೀರ · ಮಂಗಳವಾರ, ಸಂಜೆ 5:10

ಹಾಕುತ್ತಿದ್ದೇನೆ. ಕೈ ನಡುಗುತ್ತಿದೆ, ನಗಬೇಡಿ.

"ಅಂದು ಬೆಳಿಗ್ಗೆ ಸೂರ್ಯನು ತನ್ನ ಹೊಂಗಿರಣಗಳನ್ನು ಮಲೆನಾಡಿನ ಹಚ್ಚಹಸಿರಿನ ಮೇಲೆ ಚೆಲ್ಲುತ್ತಾ ಮೂಡಣ ದಿಕ್ಕಿನಿಂದ ಮೇಲೇರುತ್ತಿದ್ದನು. ಹಕ್ಕಿಗಳ ಇನಿದನಿ ಎಲ್ಲೆಡೆ ಅನುರಣಿಸುತ್ತಿತ್ತು. ಇಂತಹ ರಮಣೀಯ ವಾತಾವರಣದಲ್ಲಿಯೂ ಗಣಪಯ್ಯನ ಮನಸ್ಸು ಮಾತ್ರ ಅತ್ಯಂತ ದುಃಖದಿಂದ ಕೂಡಿತ್ತು. ಏಕೆಂದರೆ ಹಿಂದಿನ ರಾತ್ರಿ ಬಿದ್ದ ಅಕಾಲಿಕ ಮಳೆಗೆ ಅಂಗಳದಲ್ಲಿ ಒಣಹಾಕಿದ್ದ ಚಾಲಿ ಅಡಿಕೆಯೆಲ್ಲ ನೆನೆದುಹೋಗಿತ್ತು. ಟಾರ್ಪಾಲು ಹೊದಿಸುತ್ತೇನೆ ಎಂದು ಹೇಳಿದ್ದ ತಮ್ಮ ಸುಬ್ರಾಯ ಹೊದಿಸಿರಲಿಲ್ಲ."

ಕರಡುಕೋಲು · ಮಂಗಳವಾರ, ರಾತ್ರಿ 9:05

ನಗುವಂಥದ್ದೇನೂ ಇಲ್ಲ. ಇದರಲ್ಲಿ ಒಂದು ಒಳ್ಳೆಯ ಕಾದಂಬರಿಯ ಮೊದಲ ವಾಕ್ಯ ಇದೆ. ನೀವು ಅದನ್ನು ಐದನೆಯ ಜಾಗದಲ್ಲಿ ಕೂರಿಸಿದ್ದೀರಿ.

ಮೊದಲ ಎರಡು ವಾಕ್ಯ ನಿಮ್ಮವಲ್ಲ, ಪಠ್ಯಪುಸ್ತಕದವು. ಮೂವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದ ಕೈಯಿಂದ ತಾವಾಗಿಯೇ ಇಳಿದಿವೆ. ಹೊಂಗಿರಣ ಚೆಲ್ಲದ ಸೂರ್ಯನನ್ನು ಕನ್ನಡ ಕಾದಂಬರಿಯಲ್ಲಿ ಹುಡುಕುವುದೇ ಕಷ್ಟ. ಮೂರನೆಯದರಲ್ಲಿ "ಅತ್ಯಂತ ದುಃಖ" ಎನ್ನುತ್ತೀರಿ. ಒಂದು ವರ್ಷದ ಫಸಲು ನೆನೆದವನಿಗೆ, ಅದೂ ತಮ್ಮನ ಸೋಮಾರಿತನದಿಂದ ನೆನೆದವನಿಗೆ ಬರುವುದು ದುಃಖವೇ? ನಾಲ್ಕನೆಯದರ "ಏಕೆಂದರೆ" ತರಗತಿಯಲ್ಲಿ ಸರಿ. ಕಥೆಯಲ್ಲಿ ಓದುಗ ತಾನೇ ಕಾರಣ ಕಂಡುಕೊಳ್ಳಲಿ, ಆ ಸುಖವನ್ನು ಅವನಿಂದ ಕಿತ್ತುಕೊಳ್ಳಬೇಡಿ.

ನಾನು ಒಂದು ಪದವನ್ನೂ ಹೊಸದಾಗಿ ಸೇರಿಸದೆ, ಕೆಲವನ್ನು ತೆಗೆದು ಜಾಗ ಬದಲಿಸುತ್ತೇನೆ:

"ಟಾರ್ಪಾಲು ಹೊದಿಸುತ್ತೇನೆ ಎಂದು ಹೇಳಿದ್ದ ಸುಬ್ರಾಯ ಹೊದಿಸಿರಲಿಲ್ಲ. ರಾತ್ರಿ ಬಿದ್ದ ಮಳೆಗೆ ಅಂಗಳದ ಚಾಲಿಯೆಲ್ಲ ನೆನೆದುಹೋಗಿತ್ತು."

ನಿಲ್ಲಿಸಿದೆ. ಮೂರನೆಯ ವಾಕ್ಯ ನಿಮ್ಮದು. ಗಣಪಯ್ಯನ ಮನಸ್ಸು ಹೇಗಿತ್ತು ಎಂದು ಹೇಳಬೇಡಿ. ಅವನು ಏನು ಮಾಡಿದ?

"ತಮ್ಮ" ಎಂಬುದನ್ನು ಬೇಕೆಂದೇ ತೆಗೆದೆ. ಸುಬ್ರಾಯ ಆಳೋ ಮಗನೋ ತಮ್ಮನೋ ಎಂಬ ಕುತೂಹಲ ಅರ್ಧ ಪುಟ ಇರಲಿ. ಬೇಡವೆನಿಸಿದರೆ ವಾಪಸು ಹಾಕಿಕೊಳ್ಳಿ. ತಿದ್ದುವವನ ಪೆನ್ಸಿಲು ಸಲಹೆ ಕೊಡುವುದಕ್ಕೆ ಇರುವುದು, ತೀರ್ಪು ಕೊಡುವುದಕ್ಕಲ್ಲ.

ನಂಜನಗೂಡು ರಸ್ತೆ · ಬುಧವಾರ, ಬೆಳಿಗ್ಗೆ 7:45

ಎಲ್ಲರೂ ತಲೆದೂಗುತ್ತಿದ್ದೀರಿ, ನಾನು ಅಡ್ಡ ಮಾತಾಡುತ್ತೇನೆ. ಈ ತಿದ್ದುವವರ ಕೈಗೆ ಸಿಕ್ಕು ನಾನು ಅನುಭವಿಸಿದ್ದೇನೆ. ನಮ್ಮ ಕೇರಿಯ ಅಜ್ಜಿಯೊಬ್ಬಳ ಕಥೆ ಬರೆದು ಪತ್ರಿಕೆಯೊಂದಕ್ಕೆ ಕಳುಹಿಸಿದ್ದೆ. ಅಚ್ಚಾಗಿ ಬಂದಾಗ ನಮ್ಮಜ್ಜಿ ಆಕಾಶವಾಣಿಯ ವಾರ್ತೆ ಓದುವವರ ಹಾಗೆ ಮಾತಾಡುತ್ತಿದ್ದಳು. ನಮ್ಮವ್ವನಿಗೆ ಓದಿ ಹೇಳಿದೆ. "ಇವಳು ಯಾವ ಊರವಳು?" ಎಂದು ಕೇಳಿದಳು.

ದೇವನೂರ ಮಹಾದೇವರ ಕಾದಂಬರಿ ಕುಸುಮಬಾಲೆ ಬಂದದ್ದು 1984ರಲ್ಲಿ, ನಂಜನಗೂಡು ಸೀಮೆಯ ಆಡುಮಾತಿನಲ್ಲಿ. ಅರ್ಥವಾಗುವುದಿಲ್ಲ ಎಂದು ಆಗ ಗೊಣಗಿದವರು ಕಡಿಮೆಯೇ? ಅಂಥ ಹಸ್ತಪ್ರತಿ ನಿಮ್ಮ ಪುರವಣಿಯ ಮೇಜಿಗೆ ಬಂದಿದ್ದರೆ ಏನಾಗುತ್ತಿತ್ತು ಎಂದು ಕರಡುಕೋಲು ಸರ್ ಪ್ರಾಮಾಣಿಕವಾಗಿ ಹೇಳಲಿ. ಶಿಷ್ಟವಲ್ಲದ್ದೆಲ್ಲ ತಪ್ಪು ಎನ್ನುವ ಕಣ್ಣು ನಿಮ್ಮದು. ಮೇಡಂ ಅವರ ಸೂರ್ಯ ಹಳಬ ಇರಬಹುದು, ಅವರ ಸೂರ್ಯ ಅವನು.

ಕರಡುಕೋಲು · ಬುಧವಾರ, ಮಧ್ಯಾಹ್ನ 1:30

ಪ್ರಾಮಾಣಿಕವಾಗಿ ಹೇಳುತ್ತೇನೆ: ಹಾಳು ಮಾಡುತ್ತಿದ್ದೆವು. ಪುರವಣಿಯಲ್ಲಿ ಪುಟ ಸಂಜೆ ಆರಕ್ಕೆ ಹೋಗಬೇಕು, ಮೇಜಿನ ಮೇಲೆ ಏಳು ಕಥೆ. ಅಂಥ ಹೊತ್ತಿನಲ್ಲಿ ಗೊತ್ತಿಲ್ಲದ ಪದ ಕಂಡರೆ ಕೈ ಗೊತ್ತಿರುವ ಪದದ ಕಡೆಗೆ ಹೋಗುತ್ತದೆ. ನಿಮ್ಮ ಅಜ್ಜಿಯಂಥ ಎಷ್ಟು ಅಜ್ಜಿಯರನ್ನು ನಾನೂ ಬೆಂಗಳೂರಿಗೆ ಕರೆತಂದಿದ್ದೇನೋ. ಆ ಪಾಪ ನನಗಿದೆ.

ಆದರೆ ಸೂರ್ಯನ ವಿಷಯದಲ್ಲಿ ಒಪ್ಪುವುದಿಲ್ಲ. ಹೊಂಗಿರಣ ಮೇಡಂ ಅವರ ಊರಿನ ಮಾತಲ್ಲ, ಯಾವ ಊರಿನ ಮಾತೂ ಅಲ್ಲ. "ಚಾಲಿ" ಅವರ ಊರಿನ ಮಾತು, "ಆಯಿ" ಅವರ ಮನೆಯ ಮಾತು. ನಾನು ಮುಟ್ಟಿದ್ದು ಹೊಂಗಿರಣವನ್ನು. ಆ ಊರಿನ, ಮನೆಯ ಮಾತನ್ನು ಯಾರಾದರೂ ಮುಟ್ಟಲು ಬಂದರೆ ತಡೆಯಲು ಒಂದು ಉಪಾಯವೂ ಇದೆ. ಮೇಡಂ, ನಂಜನಗೂಡಿನ ಗೆಳೆಯರೇ, ಇಬ್ಬರೂ ಕೇಳಿ. ಹಸ್ತಪ್ರತಿಯ ಜೊತೆಗೆ ಎರಡು ಪುಟದ ಪದಪಟ್ಟಿ ಮಾಡಿ. ಯಾವ ಪಾತ್ರ ತಾಯಿಯನ್ನು ಏನೆಂದು ಕರೆಯುತ್ತದೆ, ಯಾವ ಆಡುಪದವನ್ನು ಹೇಗೆ ಬರೆದಿದ್ದೀರಿ, ಯಾವುದನ್ನು ಮುಟ್ಟಬಾರದು. ಮೇಲೆ ದಪ್ಪಕ್ಷರದಲ್ಲಿ "ಇವು ತಪ್ಪುಗಳಲ್ಲ" ಎಂದು ಬರೆಯಿರಿ. ಇಂಥ ಪಟ್ಟಿ ಕಂಡ ತಿದ್ದುಗಾರ ಎಚ್ಚರವಾಗುತ್ತಾನೆ. ನಿಮ್ಮ ತಪ್ಪೂ ನಿಮಗೇ ಸಿಗುತ್ತದೆ. ಶಿರಸಿ ಸೀಮೆಯ ಹವ್ಯಕರ ಮನೆಯಲ್ಲಿ "ಆಯಿ" ಎನ್ನುತ್ತಿದ್ದ ಮಗ ಹತ್ತನೆಯ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ "ಅಮ್ಮಾ" ಎಂದು ಕೂಗಿದರೆ, ಅದು ಆಡುಮಾತಿನ ಸೊಗಸಲ್ಲ, ಮರೆವು.

ಶಾಲ್ಮಲಾ ತೀರ · ಬುಧವಾರ, ಮಧ್ಯಾಹ್ನ 2:15

ಹನ್ನೆರಡನೆಯ ಅಧ್ಯಾಯದಲ್ಲಿ ಕೂಗಿದ್ದಾನೆ. ಹೇಗೆ ಕಂಡುಹಿಡಿದಿರಿ?

ಕರಡುಕೋಲು · ಬುಧವಾರ, ಮಧ್ಯಾಹ್ನ 2:18

ಎಲ್ಲರ ಮಕ್ಕಳೂ ಕೂಗುತ್ತಾರೆ.

ಅಕ್ಷರಜೋಡಣೆ · ಬುಧವಾರ, ರಾತ್ರಿ 8:20

ಪುಟ ವಿನ್ಯಾಸ ಮಾಡುವವನು ನಾನು. ಸಾಹಿತ್ಯದ ಮಾತು ನಿಮಗೆ ಬಿಟ್ಟೆ. ನನ್ನದು ಒಂದು ಗೋಳು.

ಮೇಡಂ "ನುಡಿ ತಂತ್ರಾಂಶದಲ್ಲಿ ಟೈಪ್" ಎಂದಿದ್ದಾರೆ. ಹಳೆಯ ನುಡಿಯೋ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ನುಡಿಯೋ ಮೊದಲು ವಿಚಾರಿಸಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಟೈಪ್ ಮಾಡಿರುತ್ತಾರೆ. ಯೂನಿಕೋಡಿನಲ್ಲಿ ಅದು ಉಚ್ಚಾರದ ಕ್ರಮದಲ್ಲಿ ಮೊದಲು ಬರಬೇಕು. ಪರಿವರ್ತನೆ ಕೈಕೊಟ್ಟರೆ "ಕಾರ್ಯಕ್ರಮ" ಹೋಗಿ "ಕಾಯರ್ಕ್ರಮ" ಆಗುತ್ತದೆ, "ಸೂರ್ಯ" ಹೋಗಿ "ಸೂಯರ್". ನಿಮ್ಮ ಹೊಂಗಿರಣದ ಸೂರ್ಯ ಉಳಿದಿದ್ದರೂ ನಮ್ಮ ಕೈಯಲ್ಲಿ ಅವನಿಗೆ ಗ್ರಹಣವೇ.

ಇದನ್ನು ಯಂತ್ರ ಪೂರ್ತಿಯಾಗಿ ಹಿಡಿಯುವುದಿಲ್ಲ. 400 ಪುಟವನ್ನು ಕಣ್ಣಿಟ್ಟು ನೋಡಬೇಕು. ಆದ್ದರಿಂದ ಪ್ರಕಾಶಕರಿಗೆ ಕಳುಹಿಸುವಾಗ ಯೂನಿಕೋಡ್ ಕಡತ ಒಂದು, ಅದರ ಪಿಡಿಎಫ್ ಒಂದು, ಎರಡನ್ನೂ ಕಳುಹಿಸಿ. ಕಡತ ಚಿಂದಿಯಾಗಿ ತೆರೆದುಕೊಂಡರೂ ಮೂಲದಲ್ಲಿ ಏನಿತ್ತು ಎಂದು ತಿಳಿಯುತ್ತದೆ. ಪುಟ ಕಟ್ಟಿದ ಮೇಲೆ "ಎರಡು ಅಧ್ಯಾಯ ಬದಲಾಯಿಸುತ್ತೇನೆ" ಎನ್ನಬೇಡಿ, ದಯವಿಟ್ಟು. ಬರಹಗಾರರ ಎಲ್ಲ ಸ್ಫೂರ್ತಿಯೂ ಎರಡನೆಯ ಕರಡಚ್ಚಿನ ಹೊತ್ತಿಗೇ ಏಕೆ ಉಕ್ಕುತ್ತದೆ ಎಂಬುದು ನನಗೆ ಇಪ್ಪತ್ತು ವರ್ಷದಿಂದ ಬಗೆಹರಿಯದ ಒಗಟು.

ಮೊದಲ ಕಥೆ · ಬುಧವಾರ, ರಾತ್ರಿ 10:05

ನಾನು ಸಣ್ಣಕಥೆ ಬರೆಯುವವಳು. ನಮ್ಮಂಥವರಿಗೆ ಛಂದ ಪುಸ್ತಕ ಪ್ರಕಾಶನದ ಹಸ್ತಪ್ರತಿ ಸ್ಪರ್ಧೆ ಇದೆ. ಇನ್ನೂ ಕಥಾಸಂಕಲನ ಬಾರದ ಕಥೆಗಾರರಿಗೆ ಅವರು ನಡೆಸುವುದು. ಒಮ್ಮೆ ಕಳುಹಿಸಿದ್ದೆ, ಬಹುಮಾನ ಬರಲಿಲ್ಲ. ಆದರೆ ಗಡುವಿಗಾಗಿ ಹನ್ನೆರಡು ಕಥೆಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಐದು ಕಥೆಗಳಲ್ಲಿ ಒಬ್ಬಳೇ ಅತ್ತೆ ಬೇರೆ ಬೇರೆ ಸೀರೆ ಉಟ್ಟು ಬಂದಿರುವುದು ಗೊತ್ತಾಯಿತು. ಕಾದಂಬರಿಗೆ ಇಂಥದ್ದು ಯಾವುದಿದೆ?

ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಆದರೆ ಅದು ಯುವ ಬರಹಗಾರರಿಗೆ. ಮೇಡಂ ಅವರದು ಚೊಚ್ಚಲವೇ, ಅವರು ಯುವಕರಲ್ಲ ಅಷ್ಟೇ. ಅರವತ್ತರ ಮೇಲೆ ಮೊದಲ ಪುಸ್ತಕ ಬರೆಯುವ ನಿವೃತ್ತ ಮೇಷ್ಟರು, ಬ್ಯಾಂಕಿನವರು, ಅಂಚೆಯವರು ನಮ್ಮಲ್ಲಿ ಎಷ್ಟು ಜನ! ಅವರಿಗೂ ಒಂದು ಯೋಜನೆ ಇರಬಾರದೇ?

ಪುಟ್ಟ ಪ್ರಕಾಶಕ · ಗುರುವಾರ, ಬೆಳಿಗ್ಗೆ 9:00

ಕಾದಂಬರಿಗೆ ಹಿಂದೆ ವಾರಪತ್ರಿಕೆಗಳೇ ಗರಡಿಮನೆ. ಸುಧಾ 1965ರಲ್ಲಿ ಬಂತು, ಆಮೇಲೆ ತರಂಗ. ಧಾರಾವಾಹಿ ಬರೆಯುವವರು ಪ್ರತಿ ವಾರ ಇಷ್ಟೇ ಪುಟದಲ್ಲಿ ಮುಗಿಸಬೇಕು, ಕೊನೆಯಲ್ಲಿ ಓದುಗ ಮುಂದಿನ ವಾರಕ್ಕೆ ಕಾಯುವಂತೆ ನಿಲ್ಲಿಸಬೇಕು. ಮೇಡಂ, ನಿಮ್ಮ ಒಂದೊಂದು ಅಧ್ಯಾಯವನ್ನೂ ಹಾಗೆ ನೋಡಿ. ಮುಗಿದ ಮೇಲೆ ನಿಮ್ಮ ನೆರೆಮನೆಯವರು ಮುಂದಿನ ವಾರ ಅಂಗಡಿಗೆ ಹೋಗುತ್ತಾರೆಯೇ?

ನಮಗೆ ಹೇಗೆ ಕಳುಹಿಸಬೇಕು ಎಂದೂ ಹೇಳಿಬಿಡುತ್ತೇನೆ. ಮೊದಲಿಗೆ ಪೂರ್ತಿ ಹಸ್ತಪ್ರತಿ ಬೇಡ. ಒಂದು ಪುಟದ ಪತ್ರ, ಒಂದೂವರೆ ಪುಟದಲ್ಲಿ ಕಥೆ, ಮೊದಲ ಮೂರು ಅಧ್ಯಾಯ. ಕಥೆ ಹೇಳುವಾಗ ಅಂತ್ಯವನ್ನೂ ಹೇಳಿ. "ಮುಂದೇನಾಯಿತು ಎಂಬುದನ್ನು ಓದಿಯೇ ತಿಳಿಯಬೇಕು" ಎಂದು ಬರೆಯುವವರು ಬಹಳ. ಅದು ಓದುಗನಿಗೆ ಸರಿ, ಹಣ ಹಾಕುವವನಿಗೆ ಅಲ್ಲ. ಮುನ್ನುಡಿ ಲಗತ್ತಿಸಬೇಡಿ, ನಾವು ಅದನ್ನು ಓದುವುದೂ ಇಲ್ಲ. ಕಳುಹಿಸುವ ಮೊದಲು ಆ ಪ್ರಕಾಶಕರು ಎರಡು ವರ್ಷದಲ್ಲಿ ಏನೇನು ತಂದಿದ್ದಾರೆ ನೋಡಿ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಹಾಕುವವರಿಗೆ ಕಾದಂಬರಿ ಕಳುಹಿಸಿ ಹನ್ನೊಂದು ತಿಂಗಳು ಕಾದರೆ ತಪ್ಪು ಯಾರದು? ಮೂರು ತಿಂಗಳಾದ ಮೇಲೆ ಒಂದು ಫೋನ್ ಮಾಡಿ, ನಾವು ಕಚ್ಚುವುದಿಲ್ಲ.

ಕಪ್ಪು ಕೋಟು · ಗುರುವಾರ, ರಾತ್ರಿ 9:50

ವಕೀಲ ನಾನು. ಹಕ್ಕಿನ ಬಗ್ಗೆ ಯಾರೂ ಮಾತಾಡಲಿಲ್ಲ, ಆದ್ದರಿಂದ ಸ್ವಲ್ಪ ಉದ್ದವಾಗುತ್ತದೆ.

ಬರೆದ ಕ್ಷಣದಿಂದ ಕೃತಿಸ್ವಾಮ್ಯ (ಕಾಪಿರೈಟ್) ನಿಮ್ಮದು, ನೋಂದಣಿ ಕಡ್ಡಾಯವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ನಿಮ್ಮ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ. ಅದನ್ನು ಇನ್ನೊಬ್ಬರಿಗೆ ವರ್ಗಾಯಿಸುವುದಾದರೆ ಬರವಣಿಗೆಯಲ್ಲೇ ಆಗಬೇಕು, ನಿಮ್ಮ ಸಹಿ ಬೇಕು. 19ನೆಯ ಕಲಂ ಹೇಳುವುದು ಇದು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದು ಲೆಕ್ಕ. ವ್ಯಾಪ್ತಿ ನಮೂದಿಸದಿದ್ದರೆ ಭಾರತದೊಳಗೆ ಮಾತ್ರ ಎಂದು ಲೆಕ್ಕ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದೆ ಸುಮ್ಮನೆ ಇಟ್ಟುಕೊಂಡರೆ, ಪತ್ರದಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಆ ವರ್ಗಾವಣೆ ಬಿದ್ದುಹೋಗುತ್ತದೆ.

ನಮ್ಮಲ್ಲಿ ಎಷ್ಟೋ ಪುಸ್ತಕಗಳಿಗೆ ಕರಾರೇ ಇಲ್ಲ. "ನಾವೇನು ಪರಕೀಯರೇ" ಎಂಬ ಮಾತಿನ ಮೇಲೆ ಅಚ್ಚಾಗುತ್ತವೆ. ಎರಡು ಪುಟವಾದರೂ ಸರಿ, ಬರೆಸಿಕೊಳ್ಳಿ. ಅದರಲ್ಲಿ ಅನುವಾದದ ಹಕ್ಕು, ಧ್ವನಿಪುಸ್ತಕದ ಹಕ್ಕು, ಇ-ಪುಸ್ತಕದ ಹಕ್ಕು, ಸಿನಿಮಾ ಹಕ್ಕು, ಒಂದೊಂದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. "ಸರ್ವ ಹಕ್ಕುಗಳೂ" ಎಂಬ ಒಂದೇ ಪದದಲ್ಲಿ ಎಲ್ಲ ಹೊರಟುಹೋಗುತ್ತದೆ. ಬಾನು ಮುಷ್ತಾಕ್ ಅವರ ಕಥೆಗಳ ದೀಪಾ ಭಾಸ್ತಿ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲಂತೂ ಕನ್ನಡದ ಅನುವಾದದ ಹಕ್ಕು ಯಾರಿಗೂ ಬೇಡದ ವಸ್ತುವಾಗಿ ಉಳಿದಿಲ್ಲ.

ಇನ್ನೊಂದು. ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ, ಹಣ ಕೇಳುವವರಿದ್ದಾರೆ. ಭಾರತದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ಕೇಂದ್ರ ಸರ್ಕಾರದ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಸ್ವತಃ ಪ್ರಕಟಿಸುವ ಲೇಖಕರೂ ಅರ್ಜಿ ಹಾಕಬಹುದು. ಅದಕ್ಕೆಂದು 5,000 ರೂಪಾಯಿ ಕೇಳಿದರೆ ರಸೀದಿ ಕೇಳಿ ನೋಡಿ.

ಶಾಲ್ಮಲಾ ತೀರ · ಗುರುವಾರ, ರಾತ್ರಿ 10:20

90,000 ಕೇಳಿದವರ ಪತ್ರ ಈಗ ತೆಗೆದೆ. ಐಎಸ್‌ಬಿಎನ್ ವೆಚ್ಚ 4,500 ಎಂದಿದೆ. ಕೆಳಗೆ "ಸರ್ವ ಹಕ್ಕುಗಳೂ" ಎಂದೂ ಇದೆ.

ಹರಿದ ಹಾಳೆ · ಗುರುವಾರ, ರಾತ್ರಿ 10:22

ನನ್ನದರಲ್ಲಿ 3,000 ಇತ್ತು. ಬೆಲೆ ಏರಿದೆ.

ಕರಡುಕೋಲು · ಶುಕ್ರವಾರ, ಬೆಳಿಗ್ಗೆ 6:30

ಮೇಡಂ, ನನ್ನ ಕಡೆಯಿಂದ ಕೊನೆಯ ಕಂತು. ಇದನ್ನು ಯಾರಿಗೂ ಹಣ ಕೊಡದೆ ಮಾಡಬಹುದು.

ಹಸ್ತಪ್ರತಿಯನ್ನು ಒಂದು ತಿಂಗಳು ಕಪಾಟಿನಲ್ಲಿಡಿ. ಆಮೇಲೆ ಅಕ್ಷರದ ಗಾತ್ರ ಬದಲಿಸಿ ಮುದ್ರಿಸಿಕೊಂಡು ಓದಿ. ಬೇರೆ ಯಾರೋ ಬರೆದ ಹಾಗೆ ಕಾಣುತ್ತದೆ, ಬಯ್ಯಲು ಸುಲಭ. ಒಂದೊಂದು ಅಧ್ಯಾಯಕ್ಕೂ ಒಂದೇ ವಾಕ್ಯ ಬರೆಯಿರಿ: ಈ ಅಧ್ಯಾಯ ಮುಗಿಯುವಾಗ ಏನು ಬದಲಾಯಿತು? ಬರೆಯಲಾಗದ ಅಧ್ಯಾಯಗಳು ಸಿಗುತ್ತವೆ. ಅವು ಸಾಮಾನ್ಯವಾಗಿ ಹಬ್ಬ, ಊಟ, ಮದುವೆ, ಮಳೆಯ ವರ್ಣನೆಗಳು, ನಿಮಗೆ ಬಹಳ ಪ್ರೀತಿಯವು. ಅವುಗಳಲ್ಲಿ ಬೇಕಾದ ಎರಡು ಸಾಲನ್ನು ಪಕ್ಕದ ಅಧ್ಯಾಯಕ್ಕೆ ಸಾಗಿಸಿ ಉಳಿದದ್ದನ್ನು ಬೇರೆ ಕಡತದಲ್ಲಿ ಇಡಿ. ಅಳಿಸಬೇಡಿ. ಅಳಿಸಬೇಕು ಎಂದರೆ ಯಾರಿಗೂ ಕೈ ಬರುವುದಿಲ್ಲ, ಎತ್ತಿಡಬೇಕು ಎಂದರೆ ಬರುತ್ತದೆ.

ಇಬ್ಬರು ಓದುಗರನ್ನು ಹುಡುಕಿ, ಸಾಹಿತಿಗಳನ್ನಲ್ಲ. "ಹೇಗಿದೆ?" ಎಂದು ಕೇಳಬೇಡಿ, "ಚೆನ್ನಾಗಿದೆ" ಎಂದೇ ಉತ್ತರ ಬರುತ್ತದೆ. ಪೆನ್ಸಿಲು ಕೊಟ್ಟು, ಓದುವುದನ್ನು ನಿಲ್ಲಿಸಿ ಎದ್ದುಹೋದ ಜಾಗದಲ್ಲೆಲ್ಲ ಒಂದು ಗೀಟು ಹಾಕಿ ಎನ್ನಿ. ಹಾಲು ಉಕ್ಕಿತೆಂದು ಎದ್ದರೂ ಸರಿ. ಇಬ್ಬರ ಗೀಟೂ ಒಂದೇ ಪುಟದಲ್ಲಿ ಬಿದ್ದರೆ ಅಲ್ಲಿ ಹಾಲು ಉಕ್ಕಿರಲಿಲ್ಲ ಎಂದು ತಿಳಿಯಿರಿ.

ಸಂಭಾಷಣೆಯನ್ನು ಬಾಯಿಬಿಟ್ಟು ಓದಿ. ನಿಮ್ಮ ಕಾದಂಬರಿಯಲ್ಲಿ ಎಲ್ಲರೂ ಕನ್ನಡ ಟೀಚರ್ ಹಾಗೆ ಮಾತಾಡುತ್ತಿರಬಹುದು ಎಂಬ ಅನುಮಾನ ನನಗಿದೆ. ತಪ್ಪಿದ್ದರೆ ಕ್ಷಮಿಸಿ.

ನಂಜನಗೂಡು ರಸ್ತೆ · ಶುಕ್ರವಾರ, ಬೆಳಿಗ್ಗೆ 7:10

ಪದಪಟ್ಟಿಯ ಮಾತು ಒಪ್ಪಿದೆ. ನನ್ನ ಅಜ್ಜಿಯ ಕಥೆಗೆ ಮಾಡುತ್ತಿದ್ದೇನೆ, ಆಗಲೇ ಮೂರು ಪುಟವಾಗಿದೆ. ಉಳಿದದ್ದರಲ್ಲಿ ಜಗಳ ಬಾಕಿ ಇದೆ.

ಶಾಲ್ಮಲಾ ತೀರ · ಐದು ತಿಂಗಳ ನಂತರ, ಭಾನುವಾರ, ಸಂಜೆ 6:30

ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಕ್ಷಮೆ ಇರಲಿ. 90,000 ಕೊಡಲಿಲ್ಲ.

ನಾದಿನಿ ಮತ್ತು ನಮ್ಮೂರ ಹಾಲಿನ ಡೇರಿಯ ಕಾರ್ಯದರ್ಶಿ, ಇಬ್ಬರೂ ಪೆನ್ಸಿಲು ಹಿಡಿದು ಓದಿದರು. ಆಲೆಮನೆಯ ಅಧ್ಯಾಯದಲ್ಲಿ ಇಬ್ಬರೂ ಗೀಟು ಹಾಕಿದ್ದರು. ನನಗೆ ತುಂಬಾ ಇಷ್ಟವಾದ ಅಧ್ಯಾಯ ಅದು, ಎರಡು ದಿನ ನಾದಿನಿಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ನಾನೇ ಓದಿ ನೋಡಿದೆ. ಹದಿನಾಲ್ಕು ಪುಟ ಬೆಲ್ಲ ಕುದಿಯುತ್ತದೆ, ಬೇರೇನೂ ಆಗುವುದಿಲ್ಲ. ಎತ್ತಿಟ್ಟೆ. ಭವಾನಿ ಈಗ ಎರಡನೆಯ ಅಧ್ಯಾಯದಲ್ಲೇ ಬರುತ್ತಾಳೆ. ಅಣ್ಣನ ಮಗ ಯೂನಿಕೋಡಿಗೆ ಬದಲಿಸಿಕೊಟ್ಟ. "ವಷರ್" ಎಂಬುದನ್ನು ಎಷ್ಟು ಸಲ ತಿದ್ದಿದೆನೋ ಲೆಕ್ಕವಿಲ್ಲ. ಈಗ ಒಟ್ಟು 272 ಪುಟ. ಸರಿಯಾಗಿ 17 ಫಾರಂ, ಪುಟ್ಟ ಪ್ರಕಾಶಕರು ಗಮನಿಸಬೇಕು.

ಮುನ್ನುಡಿಯ ಹಿರಿಯರ ಮನೆಗೆ ಹೋಗಿ ಎಲ್ಲ ಬದಲಾಗಿದೆ ಎಂದು ಹೇಳಿದೆ. ಬೇಸರಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. "ಹಾಗಾದರೆ ಈ ಸಲ ಪೂರ್ತಿ ಓದುತ್ತೇನೆ, ಬಿಟ್ಟು ಹೋಗು" ಎಂದು ನಕ್ಕರು.

ಇಬ್ಬರು ಪ್ರಕಾಶಕರಿಗೆ ಪತ್ರ ಮತ್ತು ಮೂರು ಅಧ್ಯಾಯ ಕಳುಹಿಸಿದ್ದೇನೆ. ಒಬ್ಬರು ಪೂರ್ತಿ ಹಸ್ತಪ್ರತಿ ಕೇಳಿದ್ದಾರೆ. ಇನ್ನೂ ಏನೂ ಹೇಳಿಲ್ಲ, ಆರು ವಾರವಾಯಿತು. ಮೂರು ತಿಂಗಳಾಗಲಿ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.

ಕರಡುಕೋಲು ಸರ್, ಮೂರನೆಯ ವಾಕ್ಯ ಕೇಳಿದ್ದಿರಿ:

"ಟಾರ್ಪಾಲು ಹೊದಿಸುತ್ತೇನೆ ಎಂದು ಹೇಳಿದ್ದ ಸುಬ್ರಾಯ ಹೊದಿಸಿರಲಿಲ್ಲ. ರಾತ್ರಿ ಬಿದ್ದ ಮಳೆಗೆ ಅಂಗಳದ ಚಾಲಿಯೆಲ್ಲ ನೆನೆದುಹೋಗಿತ್ತು. ಗಣಪಯ್ಯ ಒಳಗೆ ಹೋಗಿ, ಮಲಗಿದ್ದ ಸುಬ್ರಾಯನ ಮೈಮೇಲಿನ ಕಂಬಳಿಯನ್ನು ಎಳೆದು ತಂದು ಅಡಿಕೆಗೆ ಹೊದಿಸಿದ."

ಕರಡುಕೋಲು · ಭಾನುವಾರ, ಸಂಜೆ 6:41

ನಾಲ್ಕನೆಯದು ಎಲ್ಲಿ?